ಮಂಗನಿಂದ ಮಾನವನೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮಾನವನ ಉಗಮವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಧರ್ಮ ಮತ್ತು ವಿಜ್ಞಾನದ ನಡುವಣ ವಾಗ್ವಾದಕ್ಕೆ ಸಂಬಂಧಿಸಿದವು. ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಎತ್ತಿರುವ ಆಕ್ಷೇಪಗಳಲ್ಲಿ ಅನೇಕವು ವಿಜ್ಞಾನ ಎಂದೂ ಹೇಳದಿದ್ದ ಮಾತುಗಳಿಗೆ ಸಂಬಂಧಿಸಿದವು. ಇದಕ್ಕೆ ಓದುಗರನ್ನು ದೂರುವುದು ನ್ಯಾಯವಲ್ಲ. ಆ ಮಾತುಗಳನ್ನು ಚಲಾವಣೆಗೆ ತಂದವರಲ್ಲಿ ಪತ್ರಕರ್ತರಿದ್ದಾರೆ, ಪಠ್ಯಪುಸ್ತಕ ಬರೆದವರಿದ್ದಾರೆ, ಕೆಲವೊಮ್ಮೆ ವಿಜ್ಞಾನಿಗಳೂ ಇದ್ದಾರೆ. ಜೀವವಿಕಾಸವನ್ನು ಒಪ್ಪುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಆದರೆ ತಾವು ಒಪ್ಪುತ್ತಿರುವುದು ಏನನ್ನು, ನಿರಾಕರಿಸುತ್ತಿರುವುದು ಏನನ್ನು ಎಂಬುದು ಇಬ್ಬರಿಗೂ ತಿಳಿದಿರಬೇಕು.

ಪ್ರಶ್ನೆ: ಮಂಗನಿಂದ ಮಾನವ ಬಂದನೆಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಈಗಿನ ಮಂಗಗಳು ಏಕೆ ಮನುಷ್ಯರಾಗುತ್ತಿಲ್ಲ? ಮಂಗ ಮನುಷ್ಯನಾದದ್ದನ್ನು ಕಂಡವರು ಯಾರಿದ್ದಾರೆ? – ನಿವೃತ್ತ ಶಿಕ್ಷಕರು, ಶಿರಸಿ

ಪ್ರಾಸ ಚೆನ್ನಾಗಿ ಕೂಡಿಬಂದಿರುವ ಕಾರಣಕ್ಕೇ 'ಮಂಗನಿಂದ ಮಾನವ' ಎಂಬ ಮಾತು ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಉಳಿದುಬಿಟ್ಟಿದೆ. ಈ ವಿಷಯದಲ್ಲಿ ಕನ್ನಡಿಗರಿಗೆ ಆಗಿರುವ ಗೊಂದಲದ ಬಹುಪಾಲು ಈ ಎರಡು ಪದಗಳಲ್ಲೇ ಅಡಗಿದೆ. ನಮ್ಮ ತೋಟಕ್ಕೆ ನುಗ್ಗುವ ಮಂಗವಾಗಲಿ, ಪ್ರಾಣಿಸಂಗ್ರಹಾಲಯದಲ್ಲಿ ಕಾಣುವ ಚಿಂಪಾಂಜಿಯಾಗಲಿ ನಮ್ಮ ಪೂರ್ವಜ ಎಂದು ಜೀವವಿಜ್ಞಾನ ಹೇಳುವುದಿಲ್ಲ. ಚಿಂಪಾಂಜಿಗೂ ನಮಗೂ ಸಮಾನವಾದ ಪೂರ್ವಜ ಜೀವಿಯೊಂದಿತ್ತು, ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಅದರ ಸಂತತಿ ಎರಡಾಗಿ ಕವಲೊಡೆಯಿತು, ಒಂದು ಕವಲು ಇಂದಿನ ಚಿಂಪಾಂಜಿಗಳಾಯಿತು, ಇನ್ನೊಂದು ನಾವಾದೆವು ಎಂಬುದು ಅದರ ನಿಲುವು. ಬಾಲವಿರುವ ಮಂಗಗಳ ಕವಲು ಇದಕ್ಕೂ ಬಹಳ ಹಿಂದೆ, ಎರಡು ಕೋಟಿ ವರ್ಷಗಳಿಗೂ ಮೊದಲೇ, ಬೇರೆಯಾಗಿತ್ತು. ಇಂದಿನ ಮಂಗಗಳು ಮನುಷ್ಯನಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತವಲ್ಲ. ನಾವು ವಿಕಾಸಗೊಂಡಷ್ಟೇ ಕಾಲ ಅವೂ ತಮ್ಮ ದಾರಿಯಲ್ಲಿ ವಿಕಾಸಗೊಂಡಿವೆ. ಸ್ವತಃ ಚಾರ್ಲ್ಸ್ ಡಾರ್ವಿನ್ ಮಾನವನ ಮೂಲವನ್ನು ಕುರಿತು 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಮ್ಮ ಆದಿಮ ಪೂರ್ವಜ ಈಗ ಬದುಕಿರುವ ಯಾವುದಾದರೂ ವಾನರನಂತೆಯೇ ಇದ್ದಿರಬೇಕೆಂದು ಭಾವಿಸುವ ತಪ್ಪನ್ನು ಮಾಡಬಾರದೆಂದು ಎಚ್ಚರಿಸಿದ್ದರು.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಪ್ರಾಮಾಣಿಕವಾಗದು. ವಿಜ್ಞಾನದ ಪರವಾಗಿ ಮಾತನಾಡುವವರು 'ಮಂಗನಿಂದಲ್ಲ, ಸಮಾನ ಪೂರ್ವಜನಿಂದ' ಎಂದು ಹೇಳಿ ಎದುರಾಳಿಯನ್ನು ಸಮಾಧಾನಪಡಿಸುವುದುಂಟು. ಆದರೆ ಆ ಸಮಾನ ಪೂರ್ವಜ ಇಂದು ನಮ್ಮೆದುರು ಬಂದು ನಿಂತರೆ ನಾವು ಅದನ್ನು ಬಾಲವಿಲ್ಲದ ಒಂದು ವಾನರವೆಂದೇ ಕರೆಯುತ್ತೇವೆ. ಇಂದಿನ ವರ್ಗೀಕರಣದಲ್ಲಿ ಮನುಷ್ಯನೂ ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳ ಕುಟುಂಬಕ್ಕೇ ಸೇರಿದವನು. ಇದನ್ನು ಮರೆಮಾಚಿದರೆ ಮುಂದೊಂದು ದಿನ ಸತ್ಯ ತಿಳಿದ ಓದುಗನಿಗೆ ತಾನು ಮೋಸಹೋದೆ ಎನಿಸುತ್ತದೆ.

ಕಂಡವರು ಯಾರು ಎಂಬ ನಿಮ್ಮ ಎರಡನೆಯ ಪ್ರಶ್ನೆಯನ್ನೇ 2018ರ ಜನವರಿಯಲ್ಲಿ ಕೇಂದ್ರದ ಆಗಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಔರಂಗಾಬಾದಿನಲ್ಲಿ ಎತ್ತಿದ್ದರು. ನಮ್ಮ ಹಿರಿಯರಲ್ಲಿ ಯಾರೂ ವಾನರ ಮನುಷ್ಯನಾದದ್ದನ್ನು ಕಂಡು ಹೇಳಿಲ್ಲ, ಆದ್ದರಿಂದ ಡಾರ್ವಿನ್ ಸಿದ್ಧಾಂತ ತಪ್ಪು, ಪಠ್ಯಕ್ರಮದಲ್ಲಿ ಅದು ಬದಲಾಗಬೇಕು ಎಂಬುದು ಅವರ ವಾದವಾಗಿತ್ತು. ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಆ ಹೇಳಿಕೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಜಂಟಿಯಾಗಿ ಪ್ರಕಟಣೆ ಹೊರಡಿಸಿದವು. ಕಣ್ಣಾರೆ ಕಂಡದ್ದು ಮಾತ್ರವೇ ಸಾಕ್ಷ್ಯ ಎನ್ನುವುದಾದರೆ ನ್ಯಾಯಾಲಯಗಳಲ್ಲಿ ಬೆರಳಚ್ಚಿಗೆ ಬೆಲೆಯಿರುತ್ತಿರಲಿಲ್ಲ. ನಮ್ಮೊಳಗೇ ಇರುವ ಒಂದು ಗುರುತನ್ನು ನೋಡಿ. ಮನುಷ್ಯನ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ 23 ಜೊತೆ ವರ್ಣತಂತುಗಳಿವೆ, ಚಿಂಪಾಂಜಿ ಮತ್ತು ಗೊರಿಲ್ಲಾಗಳಲ್ಲಿ 24 ಜೊತೆ. ನಮ್ಮ ಎರಡನೆಯ ವರ್ಣತಂತು, ಅವುಗಳಲ್ಲಿ ಇಂದಿಗೂ ಬೇರೆ ಬೇರೆಯಾಗಿ ಉಳಿದಿರುವ ಎರಡು ವರ್ಣತಂತುಗಳು ನಮ್ಮ ಪೂರ್ವಜರಲ್ಲಿ ತುದಿಗೆ ತುದಿ ಅಂಟಿಕೊಂಡು ಆದದ್ದು. ವರ್ಣತಂತುವಿನ ತುದಿಯಲ್ಲಷ್ಟೇ ಇರಬೇಕಾದ ಡಿಎನ್‌ಎ ಅಕ್ಷರಗಳ ಸಾಲು ಇದರ ನಡುವೆ, ಎರಡು ಕಡೆಗಳಿಂದ ಪರಸ್ಪರ ಎದುರುಬದುರಾಗಿ, ಸವೆದ ರೂಪದಲ್ಲಿ ಇಂದಿಗೂ ಉಳಿದಿದೆ. ಪ್ರತಿ ವರ್ಣತಂತುವಿಗೂ ಒಂದೇ ಇರಬೇಕಾದ ಸೆಂಟ್ರೊಮಿಯರ್ ಎಂಬ ಭಾಗದ ಎರಡನೆಯ, ನಿಷ್ಕ್ರಿಯವಾದ ಕುರುಹೂ ಅಲ್ಲಿದೆ. ಆ ಜೋಡಣೆಯ ಜಾಗವನ್ನು 1991ರಲ್ಲಿ ಸಂಶೋಧಕರು ಅಕ್ಷರಶಃ ಓದಿದರು.

ಇಲ್ಲಿ ಮತ್ತೊಂದು ಮಾತನ್ನೂ ಹೇಳಲೇಬೇಕು. ದಕ್ಷಿಣ ಆಫ್ರಿಕದ ಗುಹೆಯೊಂದರಲ್ಲಿ ದೊರೆತ ಹೋಮೊ ನಲೆಡಿ ಎಂಬ ಪ್ರಾಚೀನ ಮಾನವ ಪ್ರಭೇದವನ್ನು 2015ರಲ್ಲಿ ಸಂಭ್ರಮದಿಂದ ಪ್ರಕಟಿಸಿದಾಗ ಅಲ್ಲಿನ ಪ್ರಮುಖ ಕಾರ್ಮಿಕ ನಾಯಕರೊಬ್ಬರು ತಾನು ಯಾವ ಕೋತಿಯ ಮೊಮ್ಮಗನೂ ಅಲ್ಲವೆಂದು ಸಾರ್ವಜನಿಕವಾಗಿ ಪ್ರತಿಭಟಿಸಿದರು. ಚರ್ಚುಗಳ ಒಕ್ಕೂಟದ ಮುಖ್ಯಸ್ಥರೂ ಅವರಿಗೆ ದನಿಗೂಡಿಸಿದರು. ದಶಕಗಳ ಕಾಲ ಬಿಳಿಯರ ಆಡಳಿತದಲ್ಲಿ ಕರಿಯ ಜನರನ್ನು ಕೋತಿಗಳೆಂದು ಹೀಯಾಳಿಸಿದ ನಾಡದು. ಆ ಸಿಟ್ಟನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸಾಧ್ಯವಿಲ್ಲ. ಪದವೊಂದು ಪ್ರಯೋಗಾಲಯದಲ್ಲಿ ನಿರಪಾಯಕಾರಿಯಾಗಿದ್ದರೂ ಬೀದಿಯಲ್ಲಿ ಅದು ಯಾರ ಬಾಯಿಂದ ಯಾರ ಮೇಲೆ ಬಿದ್ದಿತ್ತು ಎಂಬುದನ್ನು ವಿಜ್ಞಾನ ಸಂವಹನಕಾರರು ನೆನಪಿಡಬೇಕು. ಕರಿಯರು ಬಿಳಿಯರೆನ್ನದೆ ಎಲ್ಲ ಮನುಷ್ಯರೂ ಆ ಸಮಾನ ಪೂರ್ವಜನಿಗೆ ಸಮಾನ ದೂರದಲ್ಲಿರುವವರೇ ಎಂಬುದನ್ನು ಅಂದು ಮೊದಲ ವಾಕ್ಯದಲ್ಲೇ ಹೇಳಬೇಕಿತ್ತು.

ಪ್ರಶ್ನೆ: ಮನುಷ್ಯಕುಲವೆಲ್ಲ ಒಬ್ಬಳೇ ಹೆಂಗಸಿನಿಂದ ಬಂದದ್ದೆಂದು ಡಿಎನ್‌ಎ ಪರೀಕ್ಷೆಯಿಂದ ಸಾಬೀತಾಗಿದೆ, ಆಕೆಯನ್ನು ವಿಜ್ಞಾನಿಗಳೇ 'ಮೈಟೊಕಾಂಡ್ರಿಯದ ಈವ್' ಎಂದು ಕರೆದಿದ್ದಾರೆ ಎಂದು ಧಾರ್ಮಿಕ ಪ್ರವಚನವೊಂದರಲ್ಲಿ ಕೇಳಿದೆ. ಇದು ನಿಜವೆ? ಹಾಗಾದರೆ ಧರ್ಮಗ್ರಂಥ ಹೇಳಿದ್ದನ್ನು ವಿಜ್ಞಾನ ಒಪ್ಪಿದಂತಾಯಿತಲ್ಲವೆ? – ಓದುಗರು, ಉಡುಪಿ

ಅರ್ಧ ನಿಜ. ಆ ಅರ್ಧವೂ ಹೆಸರಿನ ದೆಸೆಯಿಂದ ವಕ್ರವಾಗಿ ತಲುಪಿದೆ.

1987ರ ಜನವರಿಯಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಅಲನ್ ವಿಲ್ಸನ್ ಎಂಬ ಮೂವರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಮೈಟೊಕಾಂಡ್ರಿಯವೆಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ. ಜಗತ್ತಿನ ಬೇರೆ ಬೇರೆ ಮೂಲದ 147 ಜನರ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ, ಅವೆಲ್ಲವೂ ಸುಮಾರು ಎರಡು ಲಕ್ಷ ವರ್ಷಗಳ ಹಿಂದೆ, ಬಹುಶಃ ಆಫ್ರಿಕದಲ್ಲಿ, ಬದುಕಿದ್ದ ಒಬ್ಬ ಹೆಣ್ಣಿಗೆ ಹೋಗಿ ಸೇರುತ್ತವೆ ಎಂಬ ನಿರ್ಣಯಕ್ಕೆ ಅವರು ಬಂದಿದ್ದರು. ಮರುವರ್ಷವೇ ಅಮೆರಿಕದ ಹೆಸರಾಂತ ವಾರಪತ್ರಿಕೆಯೊಂದು ಆದಮ್ ಮತ್ತು ಈವ್ ಅವರ ಹುಡುಕಾಟ ಎಂಬ ಅರ್ಥದ ತಲೆಬರಹದೊಡನೆ ಇದನ್ನು ಮುಖಪುಟಕ್ಕೆ ತಂದಿತು. ಬೈಬಲ್ಲಿನ ಹೆಸರು ಹೀಗೆ ಅಂಟಿಕೊಂಡಿತು. ಇಂದು ವಿಜ್ಞಾನಿಗಳೂ ಅದನ್ನೇ ಬಳಸುತ್ತಾರೆ.

ಈ ನಿರ್ಣಯದ ನಿಜವಾದ ಅರ್ಥವನ್ನು ಉಡುಪಿಯ ಓದುಗರಿಗೆ ವಿವರಿಸುವುದು ಬೇರೆ ಊರಿನವರಿಗೆ ವಿವರಿಸುವುದಕ್ಕಿಂತ ಸುಲಭ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ 'ಬಳಿ', ಅಂದರೆ ಗೋತ್ರದಂಥ ವಂಶದ ಗುರುತು, ಬರುವುದು ತಾಯಿಯಿಂದ. ಮಗನೂ ಮಗಳೂ ತಾಯಿಯ ಬಳಿಗೆ ಸೇರುತ್ತಾರೆ, ಆದರೆ ಅದನ್ನು ಮುಂದಿನ ತಲೆಮಾರಿಗೆ ದಾಟಿಸುವವಳು ಮಗಳು ಮಾತ್ರ. ಮೈಟೊಕಾಂಡ್ರಿಯದ ಡಿಎನ್‌ಎ ನಡೆಯುವುದೂ ಹೀಗೆಯೇ. ಒಬ್ಬ ಹೆಂಗಸಿಗೆ ಗಂಡುಮಕ್ಕಳಷ್ಟೇ ಹುಟ್ಟಿದರೆ ಅವಳ ಮೂಲಕ ಬಳಿ ಮುಂದೆ ಸಾಗುವುದಿಲ್ಲ. ಆದರೆ ಅವಳ ವಂಶ ಅಳಿಯಿತೆ? ಇಲ್ಲ. ಅವಳ ಗಂಡುಮಕ್ಕಳಿಗೆ ಮಕ್ಕಳಾಗುತ್ತವೆ, ಆ ಮೊಮ್ಮಕ್ಕಳಲ್ಲಿ ಅವಳ ರಕ್ತವಿದೆ, ಬಳಿಯೊಂದು ಮಾತ್ರ ಬೇರೆ. ಹೀಗೆ ತಲೆಮಾರು ತಲೆಮಾರಿಗೆ ಒಂದೊಂದೇ ಬಳಿ ಕಡಿದುಹೋಗುತ್ತ ಬಂದರೆ ಸಾವಿರಾರು ತಲೆಮಾರುಗಳ ನಂತರ ಉಳಿದವರೆಲ್ಲರ ಬಳಿಯೂ ಹಿಂದಿನ ಒಬ್ಬಳೇ ಹೆಂಗಸಿಗೆ ಹೋಗಿ ಮುಟ್ಟುವುದು ಅನಿವಾರ್ಯವಾಗುತ್ತದೆ. ಅವಳ ಕಾಲದಲ್ಲಿ ಸಾವಿರಾರು ಬೇರೆ ಹೆಂಗಸರಿದ್ದರು, ಅವರಲ್ಲೂ ಅನೇಕರು ನಮ್ಮ ಪೂರ್ವಜರೇ, ಅವರಿಂದ ಬಂದ ಡಿಎನ್‌ಎ ನಮ್ಮ ಉಳಿದ ವರ್ಣತಂತುಗಳಲ್ಲಿದೆ. ಮೈಟೊಕಾಂಡ್ರಿಯದ್ದು 16,569 ಅಕ್ಷರಗಳ ಪುಟ್ಟ ಬರಹ. ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯ ಒಂದು ಪ್ರತಿಯೇ ಸುಮಾರು 300 ಕೋಟಿ ಅಕ್ಷರಗಳಷ್ಟಿದೆ. ಆ ಪುಟ್ಟ ಬರಹ ಬಂದ ದಾರಿಯನ್ನು ಇಡೀ ಮನುಷ್ಯಕುಲ ಬಂದ ದಾರಿಯೆಂದು ತಿಳಿದದ್ದರಿಂದ ಗೊಂದಲವುಂಟಾಗಿದೆ.

ಇನ್ನೂ ಎರಡು ಸಂಗತಿಗಳು ಪ್ರವಚನಗಳಲ್ಲಿ ಬಿಟ್ಟುಹೋಗುತ್ತವೆ. ಮೊದಲನೆಯದು, ಈ 'ಈವ್' ಎಂಬುದು ಒಬ್ಬಳಿಗೆ ಶಾಶ್ವತವಾಗಿ ಸಂದ ಪಟ್ಟವಲ್ಲ. ಇಂದು ಬದುಕಿರುವವರನ್ನು ಆಧರಿಸಿ ಹಿಂದಕ್ಕೆ ಎಣಿಸಿದಾಗ ಸಿಗುವ ಸ್ಥಾನ ಅದು. ಬಹಳ ಹಳೆಯ ತಾಯಿಸಾಲೊಂದು ನಾಳೆ ಪೂರ್ತಿಯಾಗಿ ಕಡಿದುಹೋದರೆ ಪಟ್ಟ ಅವಳಿಂದ ಅವಳ ಸಂತತಿಯ ಇನ್ನೊಬ್ಬಳಿಗೆ, ಈಚಿನ ಕಾಲದವಳಿಗೆ, ದಾಟುತ್ತದೆ. ಎರಡನೆಯದು, ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವನ್ನು ಹಿಂಬಾಲಿಸಿ ಗುರುತಿಸಿದ 'ಆದಮ್' ಈಕೆಯ ಪತಿಯಾಗಿರಬೇಕಿಲ್ಲ. ಅವರಿಬ್ಬರು ಒಂದೇ ಕಾಲದವರೆನ್ನಲು ಯಾವ ಆಧಾರವೂ ಇಲ್ಲ. 2013ರಲ್ಲಿ ಬಹಳ ಹಳೆಯದಾದ, ಅಪರೂಪದ ವೈ ವಂಶಸಾಲೊಂದು ಪತ್ತೆಯಾದಾಗ 'ಆದಮ'ನ ಕಾಲ ಇದ್ದಕ್ಕಿದ್ದಂತೆ ಬಹಳ ಹಿಂದಕ್ಕೆ ಸರಿಯಿತು, 'ಈವ್'ಳದು ಇದ್ದಲ್ಲೇ ಇತ್ತು. ಇಂದಿನ ಮನುಷ್ಯರಲ್ಲಿರುವ ವಂಶವಾಹಿಗಳ ವೈವಿಧ್ಯವನ್ನು ನೋಡಿದರೆ ನಮ್ಮ ಪ್ರಭೇದದ ಪೂರ್ವಜರ ಸಂಖ್ಯೆ ಸಾವಿರಗಳ ಲೆಕ್ಕದಲ್ಲಿತ್ತೆಂದೇ ತೋರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಕೆಲವು ವಂಶವಾಹಿಗಳ ಭಿನ್ನ ರೂಪಗಳಂತೂ ಮನುಷ್ಯ ಮತ್ತು ಚಿಂಪಾಂಜಿಗಳು ಬೇರೆಯಾಗುವ ಮೊದಲೇ ಕವಲೊಡೆದು, ಎರಡು ಪ್ರಭೇದಗಳಲ್ಲೂ ಇಂದಿನವರೆಗೆ ಸಾಗಿಬಂದಿವೆ.

ಆದ್ದರಿಂದ ಧರ್ಮಗ್ರಂಥದ ಮಾತನ್ನು ವಿಜ್ಞಾನ ಸಾಬೀತುಪಡಿಸಿತು ಎನ್ನುವುದು ಸರಿಯಲ್ಲ. ಆದಮ್ ಮತ್ತು ಹವ್ವಾ (ಈವ್) ಅವರ ಕಥನವನ್ನು ಕ್ರೈಸ್ತರೂ ಮುಸ್ಲಿಮರೂ ನಂಬುವುದು ಅದು ದೇವವಾಕ್ಯವೆಂಬ ಕಾರಣಕ್ಕೆ. ಅಂಥ ನಂಬಿಕೆಗೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕಿಲ್ಲ. ಇಂದು ಪ್ರಮಾಣಪತ್ರವೆಂದು ಎತ್ತಿ ತೋರಿಸಿದ್ದರ ಅರ್ಥ ನಾಳೆ ಬೇರೆಯೆಂದು ತಿಳಿದಾಗ ನಂಬಿಕೆಗೇ ಪೆಟ್ಟು ಬೀಳುತ್ತದೆ. ಪ್ರವಚನಕಾರರಲ್ಲಿ ನನ್ನ ಗೌರವಪೂರ್ವಕ ಬಿನ್ನಹ ಇದು: ಈ ಆಧಾರದ ಮೇಲೆ ಭಾರ ಹೊರಿಸಬೇಡಿ.

ಪ್ರಶ್ನೆ: ಎಷ್ಟೇ ಆದರೂ ಅದು 'ವಿಕಾಸವಾದ' ತಾನೆ? ವಾದವೆಂದ ಮೇಲೆ ಪ್ರತಿವಾದವೂ ಇರುತ್ತದೆ. ಎರಡನ್ನೂ ಮಕ್ಕಳಿಗೆ ಕಲಿಸಿ ಆಯ್ಕೆಯನ್ನು ಅವರಿಗೇ ಬಿಡುವುದರಲ್ಲಿ ತಪ್ಪೇನಿದೆ? – ಓದುಗರು, ಕಲಬುರಗಿ

ನೀವು ಕೇಳಿರುವುದನ್ನೇ ಅಮೆರಿಕದಲ್ಲಿ ನ್ಯಾಯಾಲಯಗಳ ಮುಂದೆ ಕೇಳಲಾಗಿದೆ. ಜಾರ್ಜಿಯ ರಾಜ್ಯದ ಕಾಬ್ ಕೌಂಟಿಯಲ್ಲಿ 2002ರಲ್ಲಿ ಜೀವಶಾಸ್ತ್ರದ ಪಠ್ಯಪುಸ್ತಕಗಳ ಒಳಗೆ ಒಂದು ಚೀಟಿ ಅಂಟಿಸಿದರು. ವಿಕಾಸವೆಂಬುದು ಒಂದು ಥಿಯರಿ, ಅದು ಸತ್ಯಸಂಗತಿಯಲ್ಲ ಎಂದು ಅದರಲ್ಲಿ ಬರೆದಿತ್ತು. 2005ರ ಜನವರಿಯಲ್ಲಿ ಅವನ್ನು ತೆಗೆಯುವಂತೆ ನ್ಯಾಯಾಲಯ ಆದೇಶಿಸಿತು. ಇಂಗ್ಲಿಷಿನಲ್ಲಿ ಥಿಯರಿ ಎಂಬ ಒಂದೇ ಪದ ದಿನಬಳಕೆಯಲ್ಲಿ ಊಹೆಗೂ, ವಿಜ್ಞಾನದಲ್ಲಿ ಪರೀಕ್ಷೆಗೆ ನಿಂತ ವಿವರಣೆಗೂ ಸಲ್ಲುವುದರಿಂದ ಆ ಚೀಟಿಯಂಥ ಮಾತು ಅಲ್ಲಿ ನಾಟುತ್ತದೆ.

ನಮ್ಮಲ್ಲಿ ಪರಿಸ್ಥಿತಿ ವಿಚಿತ್ರವಾಗಿದೆ. ಪಠ್ಯಗಳಲ್ಲಿ ಒಮ್ಮೆ 'ವಾದ' ಎನ್ನುತ್ತೇವೆ, ಇನ್ನೊಮ್ಮೆ 'ಸಿದ್ಧಾಂತ' ಎನ್ನುತ್ತೇವೆ. ಶಾಸ್ತ್ರ ಪರಂಪರೆಯಲ್ಲಿ ಎದುರಾಳಿಯ ಪೂರ್ವಪಕ್ಷವನ್ನು ಪೂರ್ತಿಯಾಗಿ ಮಂಡಿಸಿ, ಅದನ್ನು ಖಂಡಿಸಿದ ಬಳಿಕ ನಿಲ್ಲುವ ನಿರ್ಣಯಕ್ಕೆ ಸಿದ್ಧಾಂತವೆಂದು ಹೆಸರು. ವಿಜ್ಞಾನದಲ್ಲಿ ಥಿಯರಿಗಿರುವ ಸ್ಥಾನಕ್ಕೆ ಈ ಪದ ಇಂಗ್ಲಿಷ್ ಪದಕ್ಕಿಂತಲೂ ಚೆನ್ನಾಗಿ ಹೊಂದುತ್ತದೆ. 'ಬರೀ ಸಿದ್ಧಾಂತ' ಎಂದು ಯಾರಾದರೂ ಹೇಳಿದರೆ ಕನ್ನಡದಲ್ಲಿ ಆ ಮಾತೇ ತನ್ನನ್ನು ತಾನು ಕಡಿದುಕೊಳ್ಳುತ್ತದೆ. ಜೀವಿಗಳು ಕಾಲಾನುಕ್ರಮದಲ್ಲಿ ಬದಲಾಗಿವೆ, ಅವು ಸಮಾನ ಪೂರ್ವಜರಿಂದ ಕವಲೊಡೆದಿವೆ ಎಂಬುದು ಸಾಕ್ಷ್ಯಗಳಿಂದ ಸ್ಥಿರಪಟ್ಟಿರುವ ಸಂಗತಿ; ಅದು ಹೇಗೆ ನಡೆಯಿತೆಂಬ ವಿವರಣೆ ಸಿದ್ಧಾಂತ. ವಿವರಣೆಯ ಭಾಗಗಳ ಕುರಿತು ವಿಜ್ಞಾನಿಗಳಲ್ಲಿ ಭಿನ್ನಮತವಿದೆ, ಇರಬೇಕು ಕೂಡ.

ಎರಡನ್ನೂ ಕಲಿಸಬೇಕೆಂಬ ಬೇಡಿಕೆ ಪೆನ್ಸಿಲ್ವೇನಿಯ ರಾಜ್ಯದ ಡೋವರ್ ಎಂಬ ಊರಿನಲ್ಲಿ ವಿವರವಾದ ವಿಚಾರಣೆಗೆ ಒಳಗಾಯಿತು. ಅಲ್ಲಿನ ಶಾಲಾ ಮಂಡಳಿ, ಜೀವಿಗಳನ್ನು ಬುದ್ಧಿಯುಳ್ಳ ಶಕ್ತಿಯೊಂದು ರೂಪಿಸಿತೆನ್ನುವ 'ಬುದ್ಧಿವಂತ ವಿನ್ಯಾಸ'ವೆಂಬ ವಿಚಾರವನ್ನು ಪರ್ಯಾಯ ವಿಜ್ಞಾನವೆಂದು ಸೂಚಿಸಿ, ಅದನ್ನು ಪ್ರತಿಪಾದಿಸುವ ಒಂದು ಪುಸ್ತಕದತ್ತ ವಿದ್ಯಾರ್ಥಿಗಳ ಗಮನ ಸೆಳೆದಿತ್ತು. ಜೀವಿಗಳನ್ನು ದೇವರೇ ಸೃಷ್ಟಿಸಿದನೆನ್ನುವ ಸೃಷ್ಟಿವಾದವನ್ನು ಸರಕಾರಿ ಶಾಲೆಗಳಲ್ಲಿ ವಿಜ್ಞಾನವೆಂದು ಕಲಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ತೀರ್ಪು ನೀಡಿದ್ದುದರಿಂದ ಈ ಹೊಸ ಹೆಸರು ನಿಜವಾಗಿಯೂ ಹೊಸದೆ ಎಂಬುದು ಮುಖ್ಯ ಪ್ರಶ್ನೆಯಾಯಿತು. ಆ ಪುಸ್ತಕದ ಹಳೆಯ ಕರಡುಗಳನ್ನು ತರಿಸಿ ನೋಡಿದಾಗ, 1987ರ ತೀರ್ಪಿನ ನಂತರ 'ಸೃಷ್ಟಿವಾದಿಗಳು' ಎಂದಿದ್ದ ಕಡೆಗಳಲ್ಲಿ 'ವಿನ್ಯಾಸ ಪ್ರತಿಪಾದಕರು' ಎಂದು ಬದಲಾಯಿಸಿದ್ದು ಕಂಡುಬಂತು. ಒಂದು ಕಡೆ ಅವಸರದಲ್ಲಿ ತಿದ್ದಿದ್ದರಿಂದ ಹಳೆಯ ಪದದ ಮೊದಲ ಅಕ್ಷರವೂ ಕೊನೆಯ ಅಕ್ಷರಗಳೂ ಉಳಿದು, ನಡುವೆ ಹೊಸ ಪದ ಸಿಕ್ಕಿಕೊಂಡಿತ್ತು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಮಂಡಳಿಯ ವಿರುದ್ಧ ತೀರ್ಪಿತ್ತರು. ಆಯ್ಕೆಯನ್ನು ಮಕ್ಕಳಿಗೆ ಬಿಡುವುದು ಕೇಳಲು ಉದಾರವಾಗಿದೆ. ಆದರೆ ವಿಜ್ಞಾನದ ತರಗತಿಯಲ್ಲಿ ಮುಂದಿಡುವ ಆಯ್ಕೆಗಳೆರಡೂ ವಿಜ್ಞಾನದ ಪರೀಕ್ಷೆಗೆ ಒಳಪಟ್ಟವಾಗಿರಬೇಕು. ಧಾರ್ಮಿಕ ಕಥನಗಳನ್ನು ಗೌರವದಿಂದ ಕಲಿಯಲು ಬೇರೆ ಪಾಠಗಳಿವೆ.

ಈ ಒಂದು ಪದದ ಸುತ್ತ ವ್ಯಾಟಿಕನ್‌ನಲ್ಲೂ ಎಡವಟ್ಟಾಗಿದೆ. 1996ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ತಮ್ಮ ವಿಜ್ಞಾನ ಅಕಾಡೆಮಿಗೆ ಫ್ರೆಂಚಿನಲ್ಲಿ ಕಳುಹಿಸಿದ ಸಂದೇಶದಲ್ಲಿ, ವಿಕಾಸ ಸಿದ್ಧಾಂತವು ಊಹೆಗಿಂತ ಹೆಚ್ಚಿನದೆಂದು ಹೊಸ ತಿಳಿವಳಿಕೆ ತೋರಿಸುತ್ತದೆ ಎಂದಿದ್ದರು. ವ್ಯಾಟಿಕನ್ ಪತ್ರಿಕೆಯ ಇಂಗ್ಲಿಷ್ ಆವೃತ್ತಿಯಲ್ಲಿ ಅದು 'ವಿಕಾಸ ಸಿದ್ಧಾಂತದಲ್ಲಿ ಒಂದಕ್ಕಿಂತ ಹೆಚ್ಚು ಊಹೆಗಳಿವೆ' ಎಂಬ ಅರ್ಥದಲ್ಲಿ ಅಚ್ಚಾಯಿತು. ಮುಂದೆ ಅದನ್ನು ಸರಿಪಡಿಸಿದರು. ಆತ್ಮವು ದೇವರಿಂದಲೇ ಬರುವುದೆಂಬ ತಮ್ಮ ಶ್ರದ್ಧೆಯನ್ನು ಪೋಪ್ ಅದೇ ಸಂದೇಶದಲ್ಲಿ ಉಳಿಸಿಕೊಂಡಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು.

ಪ್ರಶ್ನೆ: 'ಕಳೆದುಹೋದ ಕೊಂಡಿ' ಇನ್ನೂ ಸಿಕ್ಕಿಲ್ಲವೆಂದು ಕೇಳಿದ್ದೇನೆ. ಸಿಕ್ಕಿತೆಂದದ್ದೆಲ್ಲ ಮೋಸವೆಂದು ಬಯಲಾಗಿದೆಯಂತೆ. ಒಂದು ಹಂದಿಯ ಹಲ್ಲಿನಿಂದ ಇಡೀ ಮನುಷ್ಯನನ್ನೇ ಚಿತ್ರಿಸಿದ್ದರಂತೆ. – ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಹಲ್ಲಿನ ಕಥೆ ನಿಜ. 1922ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ದೊರೆತಿದ್ದ ಸವೆದ ಹಲ್ಲೊಂದನ್ನು ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್ ಎಂಬ ಹಿರಿಯ ವಿಜ್ಞಾನಿ ವಾನರ ಜಾತಿಯದೆಂದು ಪ್ರಕಟಿಸಿದರು. ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಆ ಹಲ್ಲಿನ ಒಡೆಯನೆಂದು ಬಾಗಿ ನಡೆಯುವ ಗಂಡು ಹೆಣ್ಣುಗಳ ಚಿತ್ರ ಬರೆಸಿತು. ಸಿಕ್ಕಿದ ಜಾಗದಲ್ಲಿ ಮತ್ತೆ ಅಗೆದಾಗ ಅದು ಹಂದಿಯನ್ನು ಹೋಲುವ ಪೆಕ್ಕರಿ ಎಂಬ ಪ್ರಾಣಿಯ ಹಲ್ಲೆಂದು ತಿಳಿದು, 1927ರಲ್ಲಿ ಹೇಳಿಕೆಯನ್ನು ಹಿಂತೆಗೆದುಕೊಂಡರು. ಪಿಲ್ಟ್‌ಡೌನ್‌ನದು ಇದಕ್ಕಿಂತ ಕೆಟ್ಟದ್ದು, ಅದು ಶುದ್ಧ ವಂಚನೆ. 1912ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಆ ತಲೆಬುರುಡೆ ಮನುಷ್ಯನದು, ದವಡೆ ಒರಾಂಗುಟಾನಿನದು. ಹಲ್ಲುಗಳನ್ನು ಅರದಿಂದ ಉಜ್ಜಿ, ಮೂಳೆಗಳಿಗೆ ಬಣ್ಣ ಹಚ್ಚಿದ್ದರು. ಸೂಕ್ಷ್ಮದರ್ಶಕದಲ್ಲಿ ಆ ಅರದ ಗೀರುಗಳು ಕಂಡು, 1953ರಲ್ಲಿ ಸತ್ಯ ಹೊರಬಿತ್ತು. ನಲವತ್ತು ವರ್ಷ ಯಾರೂ ಗಮನಿಸಲಿಲ್ಲವೆಂಬುದು ವಿಜ್ಞಾನಕ್ಕೆ ಕಳಂಕವೇ. ಆದರೆ ಈ ಎರಡು ತಪ್ಪುಗಳನ್ನೂ ಕಂಡುಹಿಡಿದವರು ವಿಜ್ಞಾನಿಗಳು. ಹಲ್ಲನ್ನೂ ಮೂಳೆಯನ್ನೂ ಮತ್ತೆ ಪರೀಕ್ಷಿಸಿಯೇ ಕಂಡುಹಿಡಿದರು.

ಇನ್ನು ವಾನರವನ್ನೂ ಮನುಷ್ಯನನ್ನೂ ಬೆಸೆಯುತ್ತದೆನ್ನುವ ಕೊಂಡಿಯ ಮಾತು. ಅತಿ ಕೆಳಗಿನ ಜೀವಿಯಿಂದ ಮನುಷ್ಯನವರೆಗೆ, ಅಲ್ಲಿಂದ ದೇವದೂತರವರೆಗೆ ಎಲ್ಲವನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿ ನೋಡುವುದು ಡಾರ್ವಿನ್‌ಗಿಂತ ಹಿಂದಿನ ಯೂರೋಪಿನ ಕಲ್ಪನೆ. ವಿಕಾಸದ ಚಿತ್ರ ಸರಪಳಿಯದಲ್ಲ, ಕವಲುಗಳದು. ಅದರಲ್ಲಿ ಕಳೆದುಹೋದ ಒಂದೇ ಕೊಂಡಿ ಎಂಬ ವಸ್ತುವೇ ಇಲ್ಲ. ಎರಡು ಗುಂಪುಗಳ ಲಕ್ಷಣಗಳನ್ನು ಒಟ್ಟಿಗೆ ತೋರಿಸುವ ಪಳೆಯುಳಿಕೆಗಳಿವೆ, ಅಂಥವು ಹೇರಳವಾಗಿ ಸಿಕ್ಕಿವೆ. 1974ರಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ದೊರೆತ, 'ಲೂಸಿ' ಎಂದು ಹೆಸರಾದ ಅಸ್ಥಿಪಂಜರ ಸುಮಾರು 32 ಲಕ್ಷ ವರ್ಷ ಹಳೆಯದು. ಅವಳ ಸೊಂಟದ ಮೂಳೆಯೂ ಮೊಣಕಾಲಿನ ಕೋನವೂ ಎರಡು ಕಾಲ ಮೇಲೆ ನಡೆಯುವ ದೇಹದವು. ಅವಳ ಮಿದುಳಿನ ಗಾತ್ರ ಚಿಂಪಾಂಜಿಯದರ ಆಸುಪಾಸಿನದು. ತಾಂಜಾನಿಯದ ಲೇಟೊಲಿಯಲ್ಲಿ ಸುಮಾರು 36 ಲಕ್ಷ ವರ್ಷಗಳ ಹಿಂದಿನ ಜ್ವಾಲಾಮುಖಿಯ ಬೂದಿಯಲ್ಲಿ ಮೂಡಿದ ಹೆಜ್ಜೆಗುರುತುಗಳನ್ನು ಮೇರಿ ಲೀಕಿ ಅವರ ತಂಡ ಕಂಡಿತು. ಅಲ್ಲಿ ಹೆಬ್ಬೆರಳು, ನಮ್ಮ ಕಾಲಿನಲ್ಲಿರುವಂತೆ, ಬೇರೆ ಬೆರಳುಗಳ ಸಾಲಿನಲ್ಲೇ ಇದೆ.

ಲೂಸಿಯ ಕುಲನಾಮ ಆಸ್ಟ್ರಲೊಪಿಥೆಕಸ್. ಹಾಗೆಂದರೆ ದಕ್ಷಿಣದ ವಾನರ. 'ವಿಜ್ಞಾನಿಗಳೇ ವಾನರವೆಂದು ಹೆಸರಿಟ್ಟ ಮೇಲೆ ಮನುಷ್ಯನ ಪೂರ್ವಜ ಹೇಗಾದೀತು' ಎಂದು ವೇದಿಕೆಗಳಲ್ಲಿ ಕೇಳುವುದಿದೆ. 1925ರಲ್ಲಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕದ ಒಂದು ಮಗುವಿನ ತಲೆಬುರುಡೆಗೆ ಆ ಹೆಸರಿಟ್ಟರು. ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬುದು ಪ್ರಾಣಿಶಾಸ್ತ್ರದ ನಾಮಕರಣ ನಿಯಮ. ಹೆಸರು ಗುರುತಿಗಾಗಿ ಇದೆ, ತೀರ್ಪಾಗಿ ಅಲ್ಲ. ಗಮನಿಸಬೇಕಾದ ಇನ್ನೊಂದು ವಿಷಯವಿದೆ: ಮನುಷ್ಯ ಮತ್ತು ವಾನರರ ನಡುವೆ ದಾಟಲಾಗದ ಗೆರೆಯಿದೆ ಎನ್ನುವ ಸೃಷ್ಟಿವಾದಿ ಬರಹಗಾರರಲ್ಲೇ ಕೆಲವು ತಲೆಬುರುಡೆಗಳನ್ನು ಒಬ್ಬರು ಪೂರ್ಣ ಮನುಷ್ಯನದೆಂದೂ ಇನ್ನೊಬ್ಬರು ಪೂರ್ಣ ವಾನರದ್ದೆಂದೂ ಹೇಳಿದ್ದಾರೆ. ನಡುವಣ ರೂಪಗಳು ಸಿಕ್ಕಿದರೆ ಆಗುವುದೇ ಹೀಗೆ.

ಪ್ರಶ್ನೆ: ಮನುಷ್ಯನಂಥ ಜೀವಿ ಬರೀ ಆಕಸ್ಮಿಕವಾಗಿ ಆಯಿತೆಂದರೆ ಹೇಗೆ ನಂಬುವುದು? – ಗೃಹಿಣಿ, ಹಾಸನ

ಬರೀ ಆಕಸ್ಮಿಕವಾಗಿ ಆಯಿತೆಂದು ಯಾರೂ ಹೇಳುವುದಿಲ್ಲ. ವಂಶವಾಹಿಗಳಲ್ಲಿ ಆಗುವ ಉತ್ಪರಿವರ್ತನೆ, ಅಂದರೆ ಅವುಗಳ ಬರಹದಲ್ಲಾಗುವ ಬದಲಾವಣೆ, ಆಕಸ್ಮಿಕ. ಎಂದರೆ ಜೀವಿಗೆ ಯಾವುದು ಬೇಕೆಂಬುದನ್ನು ನೋಡಿಕೊಂಡು ಅದು ಆಗುವುದಿಲ್ಲ ಎಂದಷ್ಟೇ ಅರ್ಥ. ಅವುಗಳಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಪರಿಸರ ತೀರ್ಮಾನಿಸುತ್ತದೆ, ಅದು ಆಕಸ್ಮಿಕವಲ್ಲ. ಟಿಬೆಟಿನ ಎತ್ತರದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ರಕ್ತವನ್ನು ಅತಿಯಾಗಿ ದಪ್ಪಗಾಗಲು ಬಿಡದ ವಂಶವಾಹಿ ರೂಪವೊಂದು ಬಹುಪಾಲು ಜನರಲ್ಲಿದೆ, ನೆರೆಯ ತಗ್ಗು ಪ್ರದೇಶದ ಜನರಲ್ಲಿ ಅದು ಬಲು ಅಪರೂಪ. ಇದರ ಹಿಂದೆ ದೈವಸಂಕಲ್ಪವಿದೆಯೆ ಎಂಬುದನ್ನು ವಿಜ್ಞಾನದ ಉಪಕರಣಗಳು ಅಳೆಯಲಾರವು. ಇದೆಯೆಂದು ನಂಬುವ ಜೀವವಿಜ್ಞಾನಿಗಳಿದ್ದಾರೆ, ಇಲ್ಲವೆನ್ನುವವರೂ ಇದ್ದಾರೆ. 'ಆಕಸ್ಮಿಕ' ಎಂಬ ಪದವನ್ನು 'ಅರ್ಥಹೀನ' ಎಂಬುದಕ್ಕೆ ಸಮಾನವಾಗಿ ಬಳಸಿ ನಾಸ್ತಿಕ ವಿಜ್ಞಾನಿಗಳು ಬರೆದದ್ದೂ ಈ ಕಲಹವನ್ನು ಹೆಚ್ಚಿಸಿದೆ.

ಪ್ರಶ್ನೆ: ಮತ್ಸ್ಯ, ಕೂರ್ಮ, ವರಾಹ, ನರಸಿಂಹ – ನಮ್ಮ ದಶಾವತಾರವೇ ಡಾರ್ವಿನ್‌ಗಿಂತ ಮೊದಲಿನ ವಿಕಾಸವಾದವಲ್ಲವೆ? – ಓದುಗರು, ಮೈಸೂರು

ಇದು ಬಹಳ ಜನರಿಗೆ ಪ್ರಿಯವಾದ ಹೋಲಿಕೆ. 2019ರ ಜನವರಿಯಲ್ಲಿ ಜಲಂಧರದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲೂ ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳು ಇದನ್ನು ಹೇಳಿದ್ದರು. ಆದರೆ ದಶಾವತಾರವನ್ನು ಹೀಗೆ ಓದುವ ಕ್ರಮ ಕಾಣಿಸಿಕೊಂಡದ್ದು ಡಾರ್ವಿನ್ ಪ್ರಸಿದ್ಧರಾದ ಮೇಲೆ. ಥಿಯಾಸಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ಬ್ಲಾವಟ್‌ಸ್ಕಿ 1877ರಲ್ಲಿ ಹೀಗೆ ಬರೆದರು. ಅವತಾರವೆಂದರೆ ಇಳಿದು ಬರುವುದು. ಒಬ್ಬನೇ ಭಗವಂತ ಧರ್ಮಸಂರಕ್ಷಣೆಗಾಗಿ ಬೇರೆ ಬೇರೆ ರೂಪಗಳಲ್ಲಿ ಸಂಕಲ್ಪಪೂರ್ವಕ ಬರುತ್ತಾನೆ. ಮತ್ಸ್ಯದ ಸಂತತಿ ಕೂರ್ಮವಾಯಿತೆಂದು ಯಾವ ಪುರಾಣವೂ ಹೇಳುವುದಿಲ್ಲ. ಪುರಾಣಕ್ಕೆ ಅದರದೇ ಆದ ಘನತೆಯಿದೆ. ಜೀವಶಾಸ್ತ್ರದ ಮುನ್ಸೂಚನೆಯೆಂಬ ಪದವಿ ಕೊಟ್ಟು ಅದನ್ನು ಎತ್ತರಿಸಲು ಹೊರಟರೆ ಅವತಾರತತ್ತ್ವವೇ ಕೈಬಿಟ್ಟುಹೋಗುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ಸಿಕ್ಕಿವೆ ಎಂದು ಪಾಠ ಮಾಡುವಾಗ ಮಕ್ಕಳು 'ಆದಿಮಾನವನೆಂದರೆ ಮೊದಲನೆಯ ಮನುಷ್ಯನೆ, ದೇವರು ಸೃಷ್ಟಿಸಿದವನೆ' ಎಂದು ಕೇಳುತ್ತಾರೆ. ಏನೆಂದು ಉತ್ತರಿಸಲಿ? – ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ

ಮಕ್ಕಳ ಪ್ರಶ್ನೆ ನ್ಯಾಯವಾದದ್ದು, ಏಕೆಂದರೆ ಆ ಪದ ಅದನ್ನೇ ಸೂಚಿಸುತ್ತದೆ. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ಸಂಶೋಧನೆ ನಡೆಸಿದರು. ಇಸಾಂಪುರದಲ್ಲಿ ಅವರ ತಂಡಕ್ಕೆ ದೊರೆತದ್ದು ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಬೇರೆ ಗಟ್ಟಿ ಕಲ್ಲುಗಳಿಂದ ಅವನ್ನು ಒಡೆದು, ಕೈಗೊಡಲಿಗಳನ್ನು ತಯಾರಿಸಿದ ಜಾಗವೇ. ಚಕ್ಕೆಗಳೂ ಅರೆಬರೆಯಾಗಿ ಬಿಟ್ಟ ಆಯುಧಗಳೂ ಅಲ್ಲೇ ಬಿದ್ದಿದ್ದವು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ. ನಮ್ಮ ಪ್ರಭೇದವಾದ ಹೋಮೊ ಸೇಪಿಯನ್ಸ್‌ನ ಅತ್ಯಂತ ಹಳೆಯ ಪಳೆಯುಳಿಕೆಗಳೆಂದು ಪರಿಗಣಿಸಿರುವವು ಮೊರೊಕ್ಕೊದಲ್ಲಿ ಸಿಕ್ಕಿದಂಥವು, ಸುಮಾರು ಮೂರು ಲಕ್ಷ ವರ್ಷಗಳವು. ಆದ್ದರಿಂದ ಇಸಾಂಪುರದ ಕುಶಲಕರ್ಮಿಗಳು ಹೋಮೊ ಎಂಬ ನಮ್ಮ ಕುಲಕ್ಕೆ ಸೇರಿದ, ಆದರೆ ನಮ್ಮ ಪ್ರಭೇದಕ್ಕೆ ಸೇರದ ಜನ. ಅವರು ಮೊದಲಿಗರೂ ಅಲ್ಲ. ಆಫ್ರಿಕದಲ್ಲಿ ಅವರಿಗಿಂತ ಹತ್ತು ಲಕ್ಷ ವರ್ಷಕ್ಕೂ ಮೊದಲೇ ಕಲ್ಲಿನ ಆಯುಧ ಮಾಡುವವರಿದ್ದರು.

'ಆದಿಮಾನವ' ಎಂಬ ಪದವನ್ನು ಮಕ್ಕಳ ಬಾಯಿಂದ ತೆಗೆಯುವುದು ಕಷ್ಟ. ಅದರ ಬದಲು 'ಪ್ರಾಚೀನ ಮಾನವರು' ಎಂದು ಬಹುವಚನದಲ್ಲಿ ಹೇಳುವ ರೂಢಿ ಮಾಡಿಕೊಂಡರೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ. ಮನುಷ್ಯತ್ವ ಯಾವುದೋ ಒಂದು ದಿನ, ಯಾರೋ ಒಬ್ಬನಲ್ಲಿ ಶುರುವಾಯಿತೆಂದು ಪುರಾತತ್ತ್ವ ಹೇಳುವುದಿಲ್ಲ, ಗುಂಪುಗಳು ನಿಧಾನವಾಗಿ ಬದಲಾದವು ಎಂದು ಹೇಳುತ್ತದೆ ಎಂದು ತಿಳಿಸಿ. ದೇವರ ಕುರಿತು ಕೇಳಿದ ಮಗುವಿಗೆ, ಅದನ್ನು ಮನೆಯಲ್ಲಿ ಹಿರಿಯರೊಡನೆ ಮಾತನಾಡು, ಈ ಕಲ್ಲು ಯಾವ ಕಾಲದ್ದು, ಇದನ್ನು ಹೇಗೆ ಒಡೆದರು ಎಂಬುದನ್ನು ನಾವಿಲ್ಲಿ ನೋಡೋಣ ಎಂದರೆ ಸಾಕು. ಸಾಧ್ಯವಿದ್ದರೆ ಅನುಮತಿ ಪಡೆದು ಮಕ್ಕಳನ್ನು ಆ ಜಾಗಕ್ಕೇ ಕರೆದುಕೊಂಡು ಹೋಗಿ. ಅಲ್ಲಿಂದ ಒಂದು ಚಕ್ಕೆಯನ್ನೂ ಎತ್ತಿಕೊಂಡು ಬರದಂತೆ ಮೊದಲೇ ತಿಳಿಹೇಳಿ.